ಹೊಳಪಿಗೆ ದುಡ್ಡು ಕೊಡ್ತೀರಿ, ಡ್ರೆಸ್ಸಿಂಗಿಗೆ ಯಾಕೆ ಕೊಡಲ್ಲ?

ಮೊದಲೇ ಹೇಳಿಬಿಡ್ತೀನಿ, ಈ ಸಲದ ಪೋಸ್ಟಿನಲ್ಲಿ ಸಿನಿಮಾ ಇಲ್ಲ, ಚಾರಣದ ಫೋಟೋ ಇಲ್ಲ, ಕವನವಂತೂ ಇಲ್ಲವೇ ಇಲ್ಲ :-) ಇರೋದು ಗ್ರೈಂಡಿಂಗ್ ವೀಲು, ಸುಟ್ಟು ನೀಲಿಯಾದ ಉಕ್ಕು, ಮತ್ತೆ ಸ್ವಲ್ಪ ಸಿಟ್ಟು. ಇಲ್ಲಿಗೆ ಬರೋ ಓದುಗರಲ್ಲಿ ಮುಕ್ಕಾಲು ಪಾಲು ನನ್ನ ಹಾಗೇ ಕೀಬೋರ್ಡ್ ಕುಟ್ಟೋರು ಅಂತ ಗೊತ್ತು. ಆದರೂ ಓದಿ. ನೀವು ಓಡಿಸೋ ಗಾಡಿ, ಕೈಯಲ್ಲಿರೋ ಮೊಬೈಲಿನ ಪ್ಲಾಸ್ಟಿಕ್ ಕವರ್ರು, ಅಡುಗೆಮನೆಯ ಸ್ಟೀಲ್ ತಟ್ಟೆ, ಇವೆಲ್ಲಾ ಹುಟ್ಟೋ ಅಚ್ಚುಗಳು ಯಾವುದಾದರೂ ಒಂದು ಗ್ರೈಂಡಿಂಗ್ ಮೆಷಿನ್ನಿನ ಮೇಲೆ ಮಲಗಿ ಎದ್ದೇ ಬಂದಿರುತ್ತವೆ.

ನಾನು ಓದಿದ್ದು ಮೆಕ್ಯಾನಿಕಲ್, ಮಾಡ್ತಿರೋದು ಸಾಫ್ಟ್‌ವೇರ್. ಇದು ಬೆಂಗಳೂರಿನ ಹಳೇ ರೋಗ, ವಿವರಿಸಬೇಕಾಗಿಲ್ಲ. ಮನೆ ಬಸವೇಶ್ವರನಗರದಲ್ಲಿ. ನಮ್ಮ ಸೋದರಮಾವನ ಶೆಡ್ಡು ಅಲ್ಲಿಂದ ಹತ್ತು ನಿಮಿಷದ ದಾರಿ, ಕಾಮಾಕ್ಷಿಪಾಳ್ಯದ ಒಂದು ಕ್ರಾಸಿನಲ್ಲಿ. ಎರಡು ಸರ್ಫೇಸ್ ಗ್ರೈಂಡರು, ಒಂದು ಹಳೇ ಮಿಲ್ಲಿಂಗ್ ಮೆಷಿನ್ನು, ಮೂರು ಜನ ಕೆಲಸದವರು. ಭಾನುವಾರ ಬಿಟ್ಟರೆ ಶನಿವಾರ ಅಲ್ಲಿ ಹೋಗಿ ಮಾವನ ಜಿಎಸ್‌ಟಿ ಬಿಲ್ಲು, ಕೊಟೇಶನ್ನು ಟೈಪ್ ಮಾಡಿಕೊಡೋದು ನನ್ನ ಕೆಲಸ. ಅದಕ್ಕೆ ಸಂಬಳ ಒಂದು ಖಾಲಿ ದೋಸೆ, ಒಂದು ಕಾಫಿ.

ಹೀಗೆ ಕೊಟೇಶನ್ ಟೈಪ್ ಮಾಡ್ತಾ ಮಾಡ್ತಾ ನನಗೊಂದು ಅಭಿಪ್ರಾಯ ಗಟ್ಟಿಯಾಗಿದೆ. ಗ್ರೈಂಡಿಂಗಿನಲ್ಲಿ ಜಾಬ್ ಸುಟ್ಟರೆ, ಬೆಂಡ್ ಬಂದರೆ ಎಲ್ಲರೂ ಬೈಯೋದು ಆಪರೇಟರನ್ನ. ನನ್ನ ಪ್ರಕಾರ ಹತ್ತರಲ್ಲಿ ಏಳು ಸಲ ಆ ಜಾಬು ಮೆಷಿನ್ ಮೇಲೆ ಸುಟ್ಟಿರಲ್ಲ, ರೇಟ್ ಮಾತಾಡುವಾಗಲೇ ಸುಟ್ಟಿರುತ್ತೆ. (ಹತ್ತರಲ್ಲಿ ಏಳು ಅನ್ನೋದು ನನ್ನ ಹೊಟ್ಟೆಯುರಿಯ ಲೆಕ್ಕ, ಯಾರೂ ಸರ್ವೆ ಮಾಡಿಲ್ಲ.)

ಊರಿನ ಈ ಮಗ್ಗುಲು ಗೊತ್ತಿಲ್ಲದವರಿಗೆ ಎರಡು ಮಾತು. ರಾಜಾಜಿನಗರ ಅಂದ್ರೆ ಇವತ್ತು ರಾಮಮಂದಿರ, ಭಾಷ್ಯಂ ಸರ್ಕಲ್ಲು, ಮೆಟ್ರೋ ಸ್ಟೇಷನ್ನು ನೆನಪಾಗುತ್ತೆ. ಆದರೆ 1949ರಲ್ಲಿ ಬಡಾವಣೆ ಶುರುವಾದಾಗಿನಿಂದ ಕೈಗಾರಿಕೆ ಅದರ ಮೈಯಲ್ಲೇ ಇದೆ. ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ ಹುಟ್ಟಿದ್ದೂ ಅದೇ 1949ರಲ್ಲಿ, ಅದರ ಕಚೇರಿ ಇರೋದು ವಿಜಯನಗರದಲ್ಲಿ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಶುರುವಾದ ಜಿಟಿಟಿಸಿ, ಅಂದ್ರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲೇ ಇದೆ. ಅಲ್ಲಿಂದ ಮಾಗಡಿ ರೋಡ್ ಕಡೆ, ಆ ಕಡೆ ಪೀಣ್ಯದ ಕಡೆ ಹೋದರೆ ಗಲ್ಲಿಗೊಂದು ಲೇತು, ಸಂದಿಗೊಂದು ಗ್ರೈಂಡರು.

ಸರ್ಫೇಸ್ ಗ್ರೈಂಡಿಂಗ್ ಅಂದ್ರೆ ಏನು ಅಂತ ಕೇಳೋರಿಗೆ: ಕೆಳಗೆ ಹಿಂದೆ ಮುಂದೆ ಓಡಾಡೋ ಟೇಬಲ್ಲು, ಅದರ ಮೇಲೆ ಮ್ಯಾಗ್ನೆಟಿಕ್ ಚಕ್ಕು, ಚಕ್ಕಿನ ಮೇಲೆ ಕಚ್ಚಿಕೊಂಡು ಕೂತ ಉಕ್ಕಿನ ಪ್ಲೇಟು. ಮೇಲೆ ಗಿರ್ರನೆ ತಿರುಗೋ ವೀಲು. ನಮ್ಮ ಮಾವನ ಮೆಷಿನ್ನಿನಲ್ಲಿ 200 ಮಿಲಿಮೀಟರ್ ವ್ಯಾಸ, 20 ಮಿಲಿಮೀಟರ್ ಅಗಲದ ವೀಲು ನಿಮಿಷಕ್ಕೆ 2800 ಸುತ್ತು ಹೊಡೆಯುತ್ತೆ. ಅಂದ್ರೆ ಅದರ ಅಂಚು ಸೆಕೆಂಡಿಗೆ ಸುಮಾರು 29 ಮೀಟರ್ ಓಡುತ್ತೆ. ಗಂಟೆಗೆ ನೂರು ಕಿಲೋಮೀಟರ್ ದಾಟಿತು! ಒಂದೊಂದು ಸಲಕ್ಕೆ ಪ್ಲೇಟಿನಿಂದ ಕೆರೆಯೋದು ಮಾತ್ರ ಐದೋ ಹತ್ತೋ ಮೈಕ್ರಾನು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ಇರುತ್ತೆ, ಹೋಲಿಸಿಕೊಳ್ಳಿ.

ವೀಲ್ ಅಂದ್ರೆ ಕಲ್ಲಲ್ಲ. ಅಲ್ಯೂಮಿನಿಯಂ ಆಕ್ಸೈಡಿನ ಚೂಪು ಹರಳುಗಳು, ಅವನ್ನ ಹಿಡಿದಿಡೋ ಗಾಜಿನಂಥ ಅಂಟು, ಮಧ್ಯೆ ಮಧ್ಯೆ ಖಾಲಿ ಜಾಗ. ಪ್ರತಿ ಹರಳೂ ಒಂದು ಪುಟಾಣಿ ಉಳಿ. ಕೆಲಸ ಮಾಡ್ತಾ ಮಾಡ್ತಾ ಹರಳಿನ ಮೂತಿ ಮೊಂಡಾಗುತ್ತೆ. ಸರಿಯಾದ ವೀಲಾದರೆ ಮೊಂಡು ಹರಳು ಒಡೆದು ಅಥವಾ ಉದುರಿ ಕೆಳಗಿನ ಹೊಸ ಮೂತಿ ಹೊರಗೆ ಬರುತ್ತೆ. ಆದರೆ ಎಲ್ಲ ಹರಳೂ ಇಷ್ಟು ಮರ್ಯಾದಸ್ಥ ಅಲ್ಲ. ಕೆಲವು ಮೊಂಡಾಗಿಯೇ ಕೂತಿರ್ತವೆ, ಖಾಲಿ ಜಾಗಕ್ಕೆ ಉಕ್ಕಿನ ಪುಡಿ ಸೇರಿಕೊಳ್ಳುತ್ತೆ. ಆಮೇಲೆ ವೀಲು ಕತ್ತರಿಸೋದು ಬಿಟ್ಟು ಉಜ್ಜೋಕೆ ಶುರು ಮಾಡುತ್ತೆ. ಉಜ್ಜಿದರೆ ಏನಾಗುತ್ತೆ? ಚಳಿಗಾಲದಲ್ಲಿ ಅಂಗೈ ಉಜ್ಜಿ ನೋಡಿ.

ಇದಕ್ಕೆ ಇಂಜಿನಿಯರಿಂಗ್ ಡಿಗ್ರಿ ಬೇಡ, ನಮ್ಮಜ್ಜಿಗೆ ಗೊತ್ತಿತ್ತು. ಒರಳುಕಲ್ಲು ನುಣ್ಣಗಾದರೆ ಅಕ್ಕಿ ಎಷ್ಟು ರುಬ್ಬಿದರೂ ನುರೀತಿರಲಿಲ್ಲ. ಬೀದಿಯಲ್ಲಿ ಕೂಗಿಕೊಂಡು ಬರೋರನ್ನ ಕರೆದು, ಉಳಿ ಸುತ್ತಿಗೆಯಿಂದ ಕಲ್ಲಿಗೆ ಸಣ್ಣ ಸಣ್ಣ ಕಚ್ಚು ಹೊಡೆಸಿಕೊಳ್ಳೋರು. ಹಿಟ್ಟಿನ ಗಿರಣಿಯಲ್ಲೂ ಅಷ್ಟೇ. ಕಲ್ಲು ಸವೆದರೆ ರಾಗಿ ಹಿಟ್ಟು ಕೈ ಇಡೋಕಾಗದಷ್ಟು ಬಿಸಿ ಬರುತ್ತೆ. ಕಲ್ಲು ಕುಟ್ಟಿಸಿದ ದಿನ ಮಾತ್ರ ಯಾರೂ ಮೊದಲು ಹಿಟ್ಟು ಮಾಡಿಸಲ್ಲ, ಹಲ್ಲಿಗೆ ಮರಳು ಸಿಗುತ್ತೆ ಅಂತ :-) ಆ ಕಲ್ಲು ಕುಟ್ಟೋ ಕೆಲಸಕ್ಕೆ ವರ್ಕ್‌ಶಾಪಿನಲ್ಲಿರೋ ಹೆಸರೇ ವೀಲ್ ಡ್ರೆಸ್ಸಿಂಗ್. ಉಳಿ ಬದಲು ಒಂದು ಹರಳು ವಜ್ರ, ಅಷ್ಟೇ ವ್ಯತ್ಯಾಸ.

ಈಗ ಸುಡೋ ವಿಚಾರ. ಮೊಂಡು ವೀಲು ಉಜ್ಜಿದಾಗ ಹುಟ್ಟೋ ಶಾಖದ ಬಹುಪಾಲು ಹೋಗೋದು ಜಾಬಿನೊಳಕ್ಕೇ. ವೀಲಿನ ಹರಳು ಶಾಖ ಅಷ್ಟು ಬೇಗ ಹೀರಿಕೊಳ್ಳಲ್ಲ. ಮೇಲ್ಮೈ ಮೊದಲು ಗೋಧಿಹುಲ್ಲಿನ ಬಣ್ಣಕ್ಕೆ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿಗೆ ತಿರುಗುತ್ತೆ. ಕುಲುಮೆಯಲ್ಲಿ ನಿಧಾನಕ್ಕೆ ಕಾಯಿಸಿದರೆ ಹುಲ್ಲಿನ ಬಣ್ಣ ಸುಮಾರು 220 ಡಿಗ್ರಿಗೆ, ನೀಲಿ ಸುಮಾರು 300 ಡಿಗ್ರಿಗೆ ಬರುತ್ತೆ. ಗ್ರೈಂಡಿಂಗಿನಲ್ಲಿ ವೀಲು ಒಂದು ಜಾಗವನ್ನ ಮುಟ್ಟಿರೋದು ಸೆಕೆಂಡಿನ ಸಾವಿರದ ಐದಾರು ಭಾಗ ಮಾತ್ರ. ಅಷ್ಟರಲ್ಲೇ ನೀಲಿ ಬಂತು ಅಂದ್ರೆ ಆ ಕ್ಷಣದ ನಿಜವಾದ ಶಾಖ ಅದಕ್ಕಿಂತ ಜಾಸ್ತಿ ಅಂತಲೇ ಅರ್ಥ.

ಇಎನ್31ರ ಪ್ಲೇಟನ್ನ ಹಾರ್ಡ್ನಿಂಗ್ ಮಾಡಿ 150ರಿಂದ 200 ಡಿಗ್ರಿ ಆಸುಪಾಸಲ್ಲಿ ಟೆಂಪರ್ ಮಾಡಿ ತಂದಿರ್ತಾರೆ, ಗಡಸುತನ 60 ಎಚ್‌ಆರ್‌ಸಿ ಹತ್ತಿರ. ಗ್ರೈಂಡಿಂಗಿನಲ್ಲಿ ಅದಕ್ಕಿಂತ ಹೆಚ್ಚು ಕಾದರೆ ಮೇಲಿನ ಪದರ ಮೆತ್ತಗಾಗುತ್ತೆ. ಇನ್ನೂ ಹೆಚ್ಚಿ 730 ಡಿಗ್ರಿ ದಾಟಿದರೆ ಬೇರೆಯದೇ ಕಥೆ. ಕಾದ ಪದರ ಕ್ಷಣದಲ್ಲಿ ತಣ್ಣಗಾಗಿ ಮತ್ತೆ ಹಾರ್ಡ್ ಆಗುತ್ತೆ, ಆದರೆ ಟೆಂಪರ್ ಆಗದ, ಗಾಜಿನಂಥ, ಚಟ್ಟನೆ ಬಿರಿಯೋ ಪದರ. ಅದರ ಕೆಳಗೆ ಮೆತ್ತಗಾದ ಇನ್ನೊಂದು ಪದರ. ಒಬ್ಬಟ್ಟಿನ ಹಾಗೆ ಪದರ ಪದರ, ತಿನ್ನೋಕೆ ಬರಲ್ಲ ಅಷ್ಟೇ.

ಬೆಂಡ್ ಬರೋದಕ್ಕೂ ಇದೇ ಶಾಖ ಕಾರಣ. ಇದರ ಲೆಕ್ಕ ಹಾಕಿದಾಗ ನನಗೇ ಆಶ್ಚರ್ಯವಾಯ್ತು. 300 ಮಿಲಿಮೀಟರ್ ಉದ್ದ, 20 ಮಿಲಿಮೀಟರ್ ದಪ್ಪದ ಒಂದು ಪ್ಲೇಟ್ ತಗೊಳ್ಳಿ. ಮೇಲ್ಭಾಗ ಕೆಳಭಾಗಕ್ಕಿಂತ ಬರೀ 5 ಡಿಗ್ರಿ ಬಿಸಿ ಇದ್ದರೆ ಸಾಕು, ನಡುಭಾಗ ಸುಮಾರು 34 ಮೈಕ್ರಾನ್ ಮೇಲಕ್ಕೆ ಉಬ್ಬೋಕೆ ನೋಡುತ್ತೆ. (ಉಕ್ಕು ಹಿಗ್ಗೋದು ಮೀಟರಿಗೆ ಡಿಗ್ರಿಗೆ 12 ಮೈಕ್ರಾನ್. ಅದನ್ನ 5ರಿಂದ ಗುಣಿಸಿ, ಉದ್ದದ ವರ್ಗದಿಂದ ಗುಣಿಸಿ, ದಪ್ಪದ ಎಂಟರಷ್ಟರಿಂದ ಭಾಗಿಸಿ. ಎಲ್ಲ ಮೀಟರಿನಲ್ಲಿ ಹಾಕಿ.) ಡ್ರಾಯಿಂಗಿನಲ್ಲಿ ಕೇಳಿರೋ ಫ್ಲಾಟ್‌ನೆಸ್ 10 ಮೈಕ್ರಾನು! ಚಕ್ಕು ಅದನ್ನ ಎಳೆದು ಹಿಡಿದರೂ ಪೂರ್ತಿ ಹಿಡಿಯಲ್ಲ. ಉಬ್ಬಿದ ಜಾಗದಲ್ಲಿ ವೀಲು ಜಾಸ್ತಿ ಕೆರೆಯುತ್ತೆ. ಪ್ಲೇಟು ತಣ್ಣಗಾದ ಮೇಲೆ ನೋಡಿದರೆ ಮಧ್ಯೆ ಹಳ್ಳ. ಜೊತೆಗೆ ಸುಟ್ಟ ಪದರ ಕುಗ್ಗಿ ಬಿಗಿಯಾಗಿ ಎಳೆದುಕೊಳ್ಳುತ್ತೆ, ತೆಳು ಪ್ಲೇಟಾದರೆ ಎರಡು ತುದಿಯೂ ಹಪ್ಪಳದ ಹಾಗೆ ಮೇಲೇಳುತ್ತೆ.

ಹಾರ್ಡ್ನಿಂಗಿಂದಲೇ ಸೊಟ್ಟಗಾಗಿ ಬಂದ ಪ್ಲೇಟಿನ ಪಾಡು ಇನ್ನೊಂದು. ಚಕ್ ಸ್ವಿಚ್ ಹಾಕಿದ ತಕ್ಷಣ ಅದು ವಿಧೇಯ ವಿದ್ಯಾರ್ಥಿಯ ಹಾಗೆ ನೆಟ್ಟಗಾಗುತ್ತೆ, ಚೆನ್ನಾಗಿ ಗ್ರೈಂಡ್ ಆಗುತ್ತೆ, ಸ್ವಿಚ್ ಆಫ್ ಮಾಡಿದರೆ ಮೊದಲಿನ ಸೊಟ್ಟಕ್ಕೇ ವಾಪಸ್. ನಮ್ಮ ಶೆಡ್ಡಿನ ಹಿರಿಯ ಆಪರೇಟರ್ ಅಣ್ಣ ಇಂಥ ಪ್ಲೇಟಿನ ಕೆಳಗೆ ಖಾಲಿ ಇರೋ ಕಡೆ ತೆಳು ಕಾಗದ, ಶಿಮ್ಮು ತುರುಕಿ, ಚಕ್ಕು ಅದನ್ನ ಬಗ್ಗಿಸದ ಹಾಗೆ ಕೂರಿಸ್ತಾರೆ. ಒಂದು ಮೈ ಸ್ವಲ್ಪ, ತಿರುಗಿಸಿ ಇನ್ನೊಂದು ಮೈ ಸ್ವಲ್ಪ, ಹೀಗೆ ನಾಲ್ಕೈದು ಸಲ ತಿರುವಿ ಹಾಕ್ತಾರೆ. ದೋಸೆ ಕೂಡ ಅಷ್ಟು ಸಲ ತಿರುವಿ ಹಾಕಲ್ಲ. ಒಂದೊಂದು ಸಲ ತಿರುವೋದಕ್ಕೂ ಚಕ್ ಒರೆಸಬೇಕು, ಅಂಚಿನ ಮುಳ್ಳು ತೆಗೀಬೇಕು, ಕೂರಿಸಬೇಕು. ಇದ್ಯಾವುದೂ ಬಿಲ್ಲಿನಲ್ಲಿ ಇರಲ್ಲ.

ಡ್ರೆಸ್ಸಿಂಗ್ ಮಾಡೋದು ನೋಡೋಕೆ ಸುಲಭ. ವಜ್ರದ ಹೋಲ್ಡರನ್ನ ಚಕ್ ಮೇಲೆ ಕೂರಿಸಿ, ವೀಲಿನ ಕೆಳಗೆ ಆ ಕಡೆ ಈ ಕಡೆ ಓಡಿಸೋದು. ಆದರೆ ಅದರಲ್ಲಿರೋ ಸೂಕ್ಷ್ಮ ನೋಡಿ. ವಜ್ರ ವೀಲಿನ ನಟ್ಟನಡುವಿನ ಕೆಳಗಿರಬಾರದು, ವೀಲ್ ತಿರುಗೋ ದಿಕ್ಕಿನಲ್ಲಿ ನಡುಗೆರೆ ದಾಟಿ ಸ್ವಲ್ಪ ಮುಂದಿರಬೇಕು. ಅದೇ ದಿಕ್ಕಿಗೆ 10ರಿಂದ 15 ಡಿಗ್ರಿ ವಾಲಿರಬೇಕು. ಆಗ ಅದು ವೀಲಿಗೆ ಕಚ್ಚಿಕೊಳ್ಳೋ ಬದಲು ಜಾರುತ್ತೆ. ಒಂದು ಪಾಸಿಗೆ 10ರಿಂದ 25 ಮೈಕ್ರಾನ್ ಸಾಕು. ವಜ್ರವನ್ನ ಆಗಾಗ ಹೋಲ್ಡರಿನಲ್ಲಿ ತಿರುಗಿಸ್ತಿರಬೇಕು, ಇಲ್ಲದಿದ್ದರೆ ಅದರ ಮೂತಿಯೇ ಚಪ್ಪಟೆ. ಕೂಲಂಟ್ ಬಿಟ್ಟರೆ ಶುರುವಿನಿಂದ ಕೊನೆವರೆಗೂ ಬಿಡಬೇಕು, ಕಾದ ವಜ್ರಕ್ಕೆ ಮಧ್ಯದಲ್ಲಿ ನೀರು ಬಿದ್ದರೆ ಬಿರುಕು ಬಿಡುತ್ತೆ.

ಎಲ್ಲಕ್ಕಿಂತ ಮುಖ್ಯ ಓಡಿಸೋ ವೇಗ. ಹೊಸ ಹುಡುಗರು ಹೆದರಿಕೊಂಡು ವಜ್ರವನ್ನ ಬಸವನಹುಳು ಹಾಗೆ ಸರಿಸ್ತಾರೆ. ಲೆಕ್ಕ ನೋಡಿ. ವೀಲು ಸೆಕೆಂಡಿಗೆ 47 ಸುತ್ತು. 20 ಮಿಲಿಮೀಟರ್ ಅಗಲ ದಾಟೋಕೆ ನಾಲ್ಕು ಸೆಕೆಂಡ್ ತಗೊಂಡರೆ ಒಂದು ಸುತ್ತಿಗೆ ವಜ್ರ 0.1 ಮಿಲಿಮೀಟರ್ ಸರಿಯುತ್ತೆ, ವೀಲಿನ ಮೇಲೆ ಹದವಾದ ಒರಟು ಗೆರೆ ಬೀಳುತ್ತೆ, ವೀಲು ಚೆನ್ನಾಗಿ ಕತ್ತರಿಸುತ್ತೆ. ಅದೇ 20 ಸೆಕೆಂಡ್ ತಗೊಂಡರೆ ಒಂದು ಸುತ್ತಿಗೆ 0.02. ವಜ್ರ ಹರಳುಗಳ ಮೂತಿ ಒಡೆಯಲ್ಲ, ಸವರಿ ಚಪ್ಪಟೆ ಮಾಡುತ್ತೆ. ಡ್ರೆಸ್ ಮಾಡಿದ ಹಾಗೂ ಆಯ್ತು, ವೀಲು ಮೊಂಡಾದ ಹಾಗೂ ಆಯ್ತು! ಟೇಬಲ್ ವಿಷಯದಲ್ಲೂ ಇದೇ ಭಯ. ಜಾಬ್ ಸುಡ್ತಿದೆ ಅಂತ ಟೇಬಲ್ ನಿಧಾನ ಮಾಡ್ತಾರೆ, ಶಾಖ ಒಂದೇ ಕಡೆ ನಿಂತು ಇನ್ನೂ ಸುಡುತ್ತೆ. ಆಳ ಕಡಿಮೆ ಮಾಡಿ ಟೇಬಲ್ ಓಡಿಸಬೇಕು. "ಬಿಸಿ ತವಾ ಮೇಲೆ ಬೆರಳು ಇಟ್ಟು ನಿಲ್ಲಿಸ್ತೀಯೋ, ಸರ್‍ರನೆ ಎಳೀತೀಯೋ?" ಅಂತ ಅಣ್ಣ ಹುಡುಗರನ್ನ ಕೇಳ್ತಿರ್ತಾರೆ.

ಇಷ್ಟೂ ಗೊತ್ತಿದ್ದೂ ಯಾಕೆ ಸುಡುತ್ತೆ? ಇಲ್ಲಿಗೆ ಬಂದೆ ನನ್ನ ಸಿಟ್ಟಿಗೆ.

ಒಂದು ಗಿರಾಕಿ, ಹೆಸರು ಬೇಡ. ಒಂದೇ ಥರದ ಎರಡು ಲಾಟ್ ಡೈ ಪ್ಲೇಟು ಹೋಯ್ತು. ಒಂದನ್ನ ಅಣ್ಣ ಮಾಡಿದ್ದು, ಎರಡು ಪ್ಲೇಟಿಗೊಮ್ಮೆ ಡ್ರೆಸ್ ಮಾಡಿ. ಮೇಲ್ಮೈ ಸ್ವಲ್ಪ ಮಂಕು, ಒಂದೇ ಸಮನಾದ ಗೆರೆ. ಇನ್ನೊಂದನ್ನ ಗಡಿಬಿಡಿಯಲ್ಲಿ ಹುಡುಗ ಮಾಡಿದ್ದು, ಫಳಫಳ ಕನ್ನಡಿ. ಅವರ ಇನ್‌ಸ್ಪೆಕ್ಷನ್ನಿನವರು ಎರಡನ್ನೂ ಟ್ಯೂಬ್‌ಲೈಟಿಗೆ ಹಿಡಿದು, ಮಂಕು ಲಾಟಿಗೆ "ಫಿನಿಶ್ ಇಲ್ಲ" ಅಂತ ಷರಾ ಬರೆದರು, ಹೊಳೆಯೋದಕ್ಕೆ ಓಕೆ. ಮೊಂಡು ವೀಲು ಕತ್ತರಿಸದೆ ಉಜ್ಜೋದರಿಂದಲೇ ಕನ್ನಡಿ ಥರ ಹೊಳಪು ಬರೋದು! ಅಂದ್ರೆ ಯಾವ ಗುಣಕ್ಕೆ ಜಾಬ್ ತಿರಸ್ಕರಿಸಬೇಕೋ ಅದಕ್ಕೇ ಬಹುಮಾನ. ಮೂರು ತಿಂಗಳ ಮೇಲೆ ಹೊಳೆಯೋ ಲಾಟಿನ ಒಂದು ಪ್ಲೇಟಿನಲ್ಲಿ ಜೇಡರ ಬಲೆಯಂಥ ಬಿರುಕು ಕಾಣಿಸಿತು, ಮಾವನಿಗೆ ಡೆಬಿಟ್ ನೋಟ್ ಬಂತು. ಹುಡುಗನಿಗೆ ಬೈಗುಳ. ಆ ಜಾಬಿನ ರೇಟು ಮಾತಾಡುವಾಗ ಪೀಸಿಗೆ ಇಷ್ಟೇ ಅಂತ ಹಿಂಡಿದವರು ಯಾರು ಅಂತ ಯಾರೂ ಕೇಳಲಿಲ್ಲ.

ನಮ್ಮ ಕಡೆನೂ ಇದೇ ಅಲ್ವಾ? ಎಸ್ಟಿಮೇಟಿನಲ್ಲಿ ಹೊಸ ಫೀಚರಿಗೆ ಜಾಗ ಇರುತ್ತೆ, ಹಳೇ ಕೋಡು ಚೊಕ್ಕಟ ಮಾಡೋಕೆ ಇರಲ್ಲ. ಡೆಮೋದಲ್ಲಿ ಸ್ಕ್ರೀನ್ ಹೊಳೆದರೆ ಸಾಕು. ಇರಲಿ, ಆ ಗೋಳು ಇನ್ನೊಂದು ಪೋಸ್ಟಿಗೆ.

"ಪದೇ ಪದೇ ಡ್ರೆಸ್ ಮಾಡಿದರೆ ವೀಲು ಕರಗಿಹೋಗುತ್ತೆ" ಅನ್ನೋದು ಮಾವನ ವಾದ. ಒಂದು ಶನಿವಾರ ಎಕ್ಸೆಲ್ ತೆಗೆದು ಕೂರಿಸಿದೆ. ಮೂರು ಪಾಸು, ಪಾಸಿಗೆ 20 ಮೈಕ್ರಾನ್, ಅಂದ್ರೆ ಒಂದು ಡ್ರೆಸ್ಸಿಗೆ ವೀಲಿನ ತ್ರಿಜ್ಯ 0.06 ಮಿಲಿಮೀಟರ್ ಇಳಿಯುತ್ತೆ. 200ರ ವೀಲನ್ನ 130ರವರೆಗೆ ಬಳಸಿದರೆ ತ್ರಿಜ್ಯದಲ್ಲಿ 35 ಮಿಲಿಮೀಟರ್ ಸಿಗುತ್ತೆ. 580 ಡ್ರೆಸ್ಸಿಂಗ್! ವೀಲಿಗೆ ಸಾವಿರ ರೂಪಾಯಿ ಅಂತಿಟ್ಟುಕೊಂಡರೂ ಒಂದು ಸಲಕ್ಕೆ ಎರಡು ರೂಪಾಯಿಗಿಂತ ಕಡಿಮೆ. ಎರಡು ನಿಮಿಷದ ಮೆಷಿನ್ ಟೈಮು, ಗಂಟೆಗೆ 300 ಅಂತ ಹಿಡಿದರೆ 10 ರೂಪಾಯಿ. ಒಟ್ಟು 12 ರೂಪಾಯಿ. ಪಣಕ್ಕಿಟ್ಟಿರೋದು ವೈರ್ ಕಟ್ಟು, ಹಾರ್ಡ್ನಿಂಗು ಎಲ್ಲ ಮುಗಿಸಿ ಬಂದ, ಸಾವಿರಾರು ರೂಪಾಯಿಯ ಪ್ಲೇಟು. ಮಾವ ಸ್ಕ್ರೀನ್ ನೋಡಿ, "ಹನ್ನೆರಡು ರೂಪಾಯಿ ನೀನು ಕೊಡ್ತೀಯೇನೋ? ಗಿರಾಕಿ ಪಕ್ಕದ ಶೆಡ್ಡಿಗೆ ಹೋಗ್ತಾನೆ" ಅಂದರು. ಅವರ ಮಾತಲ್ಲೂ ಸುಳ್ಳಿಲ್ಲ. ಅದಕ್ಕೇ ನಾನು ಈ ಪೋಸ್ಟನ್ನ ಶೆಡ್ಡಿನವರಿಗಿಂತ ಹೆಚ್ಚಾಗಿ ಕೆಲಸ ಕೊಡೋರಿಗೆ ಬರೀತಿರೋದು. ನಿಮ್ಮಲ್ಲಿ ಯಾರಾದರೂ ಕಂಪನಿಗಳ ಪರ್ಚೇಸಿನಲ್ಲೋ ಕ್ವಾಲಿಟಿಯಲ್ಲೋ ಇದ್ದೀರಿ ಅಂತ ಆಸೆ.

ಇದಕ್ಕಿಂತ ಕೆಟ್ಟದ್ದು ನೀಲಿ ಅಳಿಸೋ ಚಾಳಿ. ಬಣ್ಣ ಬಂತಾ, ಕೊನೆಯಲ್ಲಿ ಒಂದೆರಡು ಹಗುರ ಪಾಸು ಹೊಡಿ, ಹೋಗುತ್ತೆ. ಹೋಗೋದು ಬಣ್ಣ ಮಾತ್ರ! ಆ ನೀಲಿ ಪೊರೆ ಒಂದು ಮೈಕ್ರಾನಿನ ಹತ್ತನೇ ಒಂದು ಭಾಗಕ್ಕಿಂತಲೂ ತೆಳು. ಕೆಳಗೆ ಮೆತ್ತಗಾದ ಪದರ ಅದರ ನೂರಾರು ಪಟ್ಟು ದಪ್ಪ ಇರಬಹುದು. ನೀಲಿ ಇರೋ ಪ್ಲೇಟು ಕಡೇಪಕ್ಷ ನಿಜ ಹೇಳುತ್ತೆ, ಒರೆಸಿದ ಪ್ಲೇಟು ಸುಳ್ಳು ಹೇಳುತ್ತೆ. ಸುಳ್ಳು ಹಿಡಿಯೋಕೆ ದೊಡ್ಡ ಯಂತ್ರ ಬೇಡ. ಇಎನ್31 ಥರದ ಉಕ್ಕಿಗೆ ನೈಟಾಲ್ ಸಾಕು, ಅಂದ್ರೆ ಆಲ್ಕೋಹಾಲಿನಲ್ಲಿ ನೂರಕ್ಕೆ ಮೂರ್ನಾಲ್ಕು ಪಾಲು ನೈಟ್ರಿಕ್ ಆಸಿಡ್. ಮೆತ್ತಗಾದ ಜಾಗ ಕಪ್ಪಾಗುತ್ತೆ, ಮತ್ತೆ ಹಾರ್ಡ್ ಆದ ಜಾಗ ಬಿಳಿ ಮಚ್ಚೆಯಾಗಿ ಕಾಣುತ್ತೆ. (ಗೊತ್ತಿರೋರೇ ಮಾಡಬೇಕು, ಅಡುಗೆಮನೆ ಪ್ರಯೋಗ ಅಲ್ಲ.) ಟ್ಯೂಬ್‌ಲೈಟಿಗೆ ಹಿಡಿಯೋ ಬದಲು ಲಾಟಿಗೆ ಒಂದು ಪ್ಲೇಟನ್ನ ಹೀಗೆ ನೋಡಿದ್ದರೆ ಆ ಎರಡು ಲಾಟಿನ ತೀರ್ಪು ತಲೆಕೆಳಗಾಗ್ತಿತ್ತು.

ಎಲ್ಲದಕ್ಕೂ ಡ್ರೆಸ್ಸಿಂಗ್ ಒಂದೇ ಮದ್ದು ಅಂತ ನಾನು ಹೇಳ್ತಿಲ್ಲ. ಗಡುಸು ಜಾಬಿಗೆ ಮೆತ್ತಗಿನ ವೀಲ್ ಬೇಕು. ವೀಲಿನ ಮೇಲೆ ಎ 46 ಕೆ ಅಂತಿದ್ದರೆ ಆ ಕೊನೆಯ ಅಕ್ಷರ ಅಂಟಿನ ಗಟ್ಟಿತನ. ಕೆ ಸುಡ್ತಿದ್ದರೆ ಜೆ, ಐ, ಎಚ್ ಕಡೆ ಇಳೀಬೇಕು. ಎಲ್ಲ ಜಾಬಿಗೂ ಒಂದೇ ವೀಲ್ ಬಿಟ್ಟು ಕೂತರೆ ಎಷ್ಟು ಡ್ರೆಸ್ ಮಾಡಿದರೂ ಕಷ್ಟ. ಕೂಲಂಟೂ ಅಷ್ಟೇ. ಮೆಷಿನ್ ಮೇಲೆ ಎಲ್ಲೋ ಸುರಿದರೆ ತೀರ್ಥ ಪ್ರೋಕ್ಷಣೆ ಆಗುತ್ತೆ ಹೊರತು ಜಾಬ್ ತಣ್ಣಗಾಗಲ್ಲ. ವೀಲ್ ಜೊತೆ ಗಾಳಿಯ ಪದರವೂ ಸುತ್ತುತ್ತೆ, ಅದನ್ನ ಸೀಳಿಕೊಂಡು ವೀಲು ಜಾಬು ಮುಟ್ಟೋ ಜಾಗಕ್ಕೇ ಬೀಳಬೇಕು. ಹಾಗೇ, ಟೆಂಪರಿಂಗ್ ಸರಿಯಾಗದ ಜಾಬು ದೇವರೇ ಬಂದು ಗ್ರೈಂಡ್ ಮಾಡಿದರೂ ಬಿರಿಯುತ್ತೆ, ಆಗ ಗ್ರೈಂಡಿಂಗಿನವನನ್ನ ಹಿಡಿಯೋದು ಅನ್ಯಾಯ. ಆದರೆ ಇವುಗಳಲ್ಲಿ ದಿನಕ್ಕೆ ಹತ್ತಾರು ಸಲ ಮಾಡಬೇಕಾದ್ದು, ಹತ್ತಾರು ಸಲವೂ ತಪ್ಪಿಸೋಕೆ ಮನಸ್ಸಾಗೋದು ಡ್ರೆಸ್ಸಿಂಗ್ ಒಂದೇ. ವೀಲಿನ ಶಬ್ದ ಬದಲಾದಾಗ, ಕಿಡಿ ಕಡಿಮೆಯಾದಾಗ, ವೀಲಿನ ಮೈ ಹೊಳೆದಾಗ ಅಣ್ಣನ ಕೈ ತಾನಾಗೇ ವಜ್ರದ ಕಡೆ ಹೋಗುತ್ತೆ. ಆ ಕೈಯನ್ನ "ಬೇಗ ಬೇಗ" ಅಂತ ತಡೆಯೋದೇ ಸಮಸ್ಯೆ.

ಹೋದ ತಿಂಗಳಿನಿಂದ ಮಾವನ ಕೊಟೇಶನ್ನಿನಲ್ಲಿ ಒಂದು ಸಾಲು ಸೇರಿಸಿದ್ದೀನಿ, "ವೀಲ್ ಡ್ರೆಸ್ಸಿಂಗ್, ಎರಡು ಪೀಸಿಗೊಮ್ಮೆ" ಅಂತ. ಪಕ್ಕದಲ್ಲಿ ಅದರ ದುಡ್ಡು. ಕೆಳಗೆ ಇನ್ನೊಂದು ಸಾಲು, ಮೇಲ್ಮೈ ಮಂಕಾಗಿ ಕಾಣುತ್ತೆ, ರಫ್‌ನೆಸ್ ಅಳತೆ ಮಾಡಿ ನೋಡಿಕೊಳ್ಳಿ, ಕಣ್ಣಲ್ಲಿ ಬೇಡ. ಇದುವರೆಗೆ ಏಳು ಕೊಟೇಶನ್ ಹೋಗಿದೆ. ನಾಲ್ಕು ಜನ ಆ ಸಾಲು ತೆಗೀರಿ ಅಂದರು, ಇಬ್ಬರು ಉತ್ತರವೇ ಕೊಡಲಿಲ್ಲ. ಒಬ್ಬರು ಫೋನ್ ಮಾಡಿ, ತಮ್ಮ ಹಳೇ ಪ್ಲೇಟುಗಳೂ ಹೀಗೇ ಬಿರಿದಿದ್ದವು ಅಂತ ಅರ್ಧ ಗಂಟೆ ಅಣ್ಣನ ಹತ್ತಿರವೇ ಮಾತಾಡಿದರು. ಶನಿವಾರ ಅವರ ಜಾಬು ಬರ್ತಿದೆ, ಹನ್ನೆರಡು ಪ್ಲೇಟು.